ಹಲ್ಲಿನ ಚೀಟಿಯ ಸಾಕ್ಷಿ

"ಸಿಸ್ಟರ್, ಬರೋ ಸೋಮವಾರ ನನ್ನ ತಂಗಿ ಗರ್ಭಕೋಶ ತೆಗೀತಾರಂತೆ. ಅವಳಿಗಿನ್ನೂ ಇಪ್ಪತ್ಮೂರು. ಕಾಯಿಲೆ ಏನು ಅಂತ ಮಾತ್ರ ಒಬ್ಬರೂ ಹೇಳ್ತಿಲ್ಲ!"

ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯ ಅಣ್ಣ ಮಹಡಿ ಹತ್ತಿ ಬಂದವನೇ, ತಂಗಿಯ ಆಸ್ಪತ್ರೆ ಚೀಟಿಗಳನ್ನು ಸೇರಿಸಿ ಕಟ್ಟಿದ್ದ ಐದು ಪುಸ್ತಕಗಳನ್ನು ಕಂಕುಳಿಂದ ತೆಗೆದು ಮೇಜಿನ ಮೇಲೆ ದೊಪ್ಪನೆ ಹಾಕಿದ. ಮಹಡಿಯಲ್ಲಿದ್ದವರು ನಿವೃತ್ತ ಹೆಡ್ ನರ್ಸ್. ಆ ಕಟ್ಟಡದಲ್ಲಿ ಯಾರ ಬೀಗದ ಕೈ ಕಳೆದರೂ, ಯಾರ ಸೈಕಲ್ ಕಾಣೆಯಾದರೂ ಹುಡುಕಿಕೊಡುತ್ತಿದ್ದವರು ಅವರೇ. ಹಾಗಾಗಿ ಎಲ್ಲರ ಬಾಯಲ್ಲೂ ಅವರು ಪತ್ತೇದಾರ ಸಿಸ್ಟರ್.

ಅಣ್ಣನ ಹಿಂದೆ ಕಿಬ್ಬೊಟ್ಟೆ ಹಿಡಿದುಕೊಂಡು ತಂಗಿ ಚಿಕ್ಕಿ ಬಂದಳು. ಹನ್ನೆರಡನೇ ವಯಸ್ಸಿನಿಂದ ಅವಳಿಗೆ ತಿಂಗಳಿಗೆ ಹತ್ತು ದಿನ ರಕ್ತಸ್ರಾವ. ಅದು ನಿಂತು ನಾಲ್ಕು ದಿನ ಕಳೆಯುವಷ್ಟರಲ್ಲಿ ಕಿಬ್ಬೊಟ್ಟೆಯಲ್ಲಿ ಇರಿದಂಥ ನೋವು. ಒಬ್ಬ ಡಾಕ್ಟರು ಗ್ಯಾಸ್ ಎಂದರು, ಇನ್ನೊಬ್ಬರು ಮನಸ್ಸಿನ ಚಿಂತೆ ಎಂದರು. ಮೂರನೆಯವರು ಮದುವೆ ಮಾಡಿ, ಸರಿಹೋಗುತ್ತೆ ಎಂದಾಗ ಅಣ್ಣನಿಗೆ ಮೈಯೆಲ್ಲ ಉರಿದುಹೋಗಿತ್ತು. ಸ್ಕ್ಯಾನ್ ಮಾಡಿದರೆ ಒಮ್ಮೆ ಅಂಡಾಶಯದಲ್ಲಿ ಒಂದು ಗುಳ್ಳೆ ಕಾಣುತ್ತಿತ್ತು, ಮುಂದಿನ ಸಲ ಅದೂ ಇರುತ್ತಿರಲಿಲ್ಲ.

ಸಿಸ್ಟರ್ ಪುಸ್ತಕಗಳ ಬೆನ್ನು ಓದಿದರು. ಸ್ತ್ರೀರೋಗ, ಹೊಟ್ಟೆ, ರಕ್ತಹೀನತೆ, ಹಲ್ಲು, ಇತರೆ. ಎಲ್ಲಕ್ಕೂ ಚಿನ್ನದ ಬಣ್ಣದ ಅಕ್ಷರ.

"ಯಾವ ಡಾಕ್ಟರಿಗೆ ಯಾವುದು ಬೇಕೋ ಅದನ್ನ ಮಾತ್ರ ಒಯ್ತೀನಿ. ಸುಮ್ನೆ ಎಲ್ಲಾ ಕೊಟ್ಟು ಅವರ ತಲೆ ತಿನ್ನಬಾರದಲ್ಲ," ಎಂದ ಅಣ್ಣ, ತುಸು ಹೆಮ್ಮೆಯಿಂದಲೇ.

"ಬಹಳ ಚೆನ್ನಾಗಿ ಕಟ್ಟಿದ್ದೀಯಪ್ಪ. ಎಲ್ಲಿ, ಆ ಕತ್ತರಿ ಕೊಡು."

ಅವರು ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿದರು. ಹನ್ನೊಂದು ವರ್ಷದ, ಅದಕ್ಕೂ ಹಿಂದಿನ ಚೀಟಿಗಳೆಲ್ಲ ತಾರೀಕಿನ ಪ್ರಕಾರ ನೆಲದ ಮೇಲೆ ಸಾಲಾದವು.

"ಮೊಣಕೈ ಯಾಕೆ ನೀಲಿಗಟ್ಟಿದೆ, ಚಿಕ್ಕಿ?"

"ಅಂಗಡೀಲಿ ಪುಸ್ತಕ ಒತ್ತೋ ಪ್ರೆಸ್ಸಿನ ಹಿಡಿ ತಾಗಿದ್ದು, ಸಿಸ್ಟರ್."

"ನಿಮ್ಮಣ್ಣನಿಗೂ ಅದೇ ಪ್ರೆಸ್ಸು ತಾನೆ? ನೀನೂ ತೋಳು ತೋರಿಸಪ್ಪ."

ಅಣ್ಣನ ತೋಳಿನಲ್ಲಿ ಒಂದು ಕಲೆಯೂ ಇರಲಿಲ್ಲ.

"ನೋವಿಗೆ ಏನು ನುಂಗ್ತೀಯ?"

"ಆಸ್ಪಿರಿನ್. ಅದು ತಗೊಂಡ್ರೆ ರಕ್ತ ಇನ್ನೂ ಜಾಸ್ತಿ ಹೋಗುತ್ತೆ. ಆದ್ರೆ ನೋವು ತಡೆಯಕ್ಕಾಗಲ್ವಲ್ಲ."

ಸಿಸ್ಟರ್ ಹಲ್ಲಿನ ಚೀಟಿಯನ್ನು ಎತ್ತಿ ಪಕ್ಕಕ್ಕಿಟ್ಟರು. ನೇರವಾಗಿ ಆಪರೇಷನ್ ಮಾಡಬೇಕಿದ್ದ ಡಾಕ್ಟರಮ್ಮನಿಗೆ ಫೋನ್ ಹಚ್ಚಿದರು. ಡಾಕ್ಟರಮ್ಮ ಮೊದಲು ರೇಗಿದರು. ಕೊನೆಗೆ ಸಿಸ್ಟರ್ ಹೇಳಿದ ಒಂದು ರಕ್ತಪರೀಕ್ಷೆ ಬರೆದುಕೊಟ್ಟು, ಅದರ ಫಲಿತಾಂಶ ಬರುವತನಕ ಆಪರೇಷನ್ ಮುಂದೂಡಿದರು.

ಒಂಬತ್ತು ದಿನ ಕಳೆದ ಮೇಲೆ ಎಲ್ಲರೂ ಡಾಕ್ಟರಮ್ಮನ ಕೋಣೆಯಲ್ಲಿ ಸೇರಿದರು. ಮಕ್ಕಳ ಜೊತೆ ಅಮ್ಮನೂ ಬಂದಿದ್ದಳು. "ಹೆಂಗಸರಿಗೆ ಇದೆಲ್ಲ ಇದ್ದದ್ದೇ, ಸಹಿಸ್ಕೋಬೇಕು," ಎಂದು ದಾರಿಯುದ್ದಕ್ಕೂ ಗೊಣಗಿದ್ದಳು. ವರದಿಯ ಲಕೋಟೆ ಇನ್ನೂ ಒಡೆದಿರಲಿಲ್ಲ.

"ಡಾಕ್ಟ್ರೇ," ಸಿಸ್ಟರ್ ಶುರುಮಾಡಿದರು, "ಎಲ್ಲರೂ ಕಳ್ಳನನ್ನ ಗರ್ಭಕೋಶದಲ್ಲೇ ಹುಡುಕಿದ್ರಿ. ಅದು ಕಳ್ಳತನ ಆದ ಮನೆ, ಕಳ್ಳನ ಮನೆಯಲ್ಲ. ಈ ಹಲ್ಲಿನ ಚೀಟಿ ನೋಡಿ. ಒಂದು ಹಲ್ಲು ಕಿತ್ತದ್ದಕ್ಕೆ ಎರಡು ದಿನ ರಕ್ತ ನಿಂತಿಲ್ಲ. 'ಇತರೆ'ಯಲ್ಲಿದ್ದ ಚೀಟಿ ಇದು. ಎಂಟನೇ ವಯಸ್ಸಲ್ಲಿ ಮೂರು ಸಲ ಮೂಗಿಂದ ರಕ್ತ. ಜೊತೆಗೆ ಮೈಮೇಲೆ ನೀಲಿ. ಹಲ್ಲಿಗೂ ಮೂಗಿಗೂ ಗರ್ಭಕೋಶಕ್ಕೂ ಇರೋ ನಂಟು ರಕ್ತ ಒಂದೇ."

"ಪ್ಲೇಟ್‌ಲೆಟ್ ಎಣಿಕೆ ಸರಿಯಾಗೇ ಇತ್ತಲ್ಲ?" ಡಾಕ್ಟರಮ್ಮ ತಡೆದರು.

"ಎಣಿಕೆ ಸರಿ. ಅವನ್ನ ಗಾಯಕ್ಕೆ ಅಂಟಿಸೋ ಗೋಂದು ಕಮ್ಮಿ. ಆಸ್ಪಿರಿನ್ ಬೇರೆ ಬೆಂಕಿಗೆ ತುಪ್ಪ ಸುರೀತು."

"ಮತ್ತೆ ಆ ನೋವು?"

"ತಿಂಗಳ ನಡುವೆ ಅಂಡಾಣು ಹೊರಬರುವಾಗ ಸ್ವಲ್ಪ ರಕ್ತ ಸೋರಿದರೂ ಬೇರೆಯವರಿಗೆ ನಿಂತುಹೋಗುತ್ತೆ. ಇವಳಿಗೆ ಅಲ್ಲೇ ತುಂಬ್ಕೊಳ್ಳುತ್ತೆ. ಬಂದು ಮಾಯವಾಗ್ತಿದ್ದ ಗುಳ್ಳೆ ಅದೇ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋಕೆ ಹೊರಟಿದ್ವಿ."

ಡಾಕ್ಟರಮ್ಮ ಲಕೋಟೆ ಒಡೆದು ಎರಡು ಸಲ ಓದಿದರು. "ವಾನ್ ವಿಲ್ಲೆಬ್ರಾಂಡ್ ಕಾಯಿಲೆ, ರಕ್ತ ಬೇಗ ಹೆಪ್ಪುಗಟ್ಟಲ್ಲ. ಔಷಧಿಯಿಂದ ಹತೋಟಿಗೆ ಬರುತ್ತೆ. ಇದು ಗೊತ್ತಿಲ್ಲದೆ ನಾನು ಕತ್ತರಿ ಹಾಕಿದ್ದಿದ್ರೆ..." ಅವರ ಮುಖ ಬಿಳಿಚಿಕೊಂಡಿತ್ತು. "ತಪ್ಪಾಯ್ತಮ್ಮ."

"ಹನ್ನೊಂದು ವರ್ಷ!" ಅಣ್ಣ ಗುಡುಗಿದ. ಮರುಕ್ಷಣ ಆ ಚೀಟಿಗಳನ್ನು ಬೇರೆಬೇರೆ ರಟ್ಟಿನಲ್ಲಿ ಕಟ್ಟಿದ್ದು ತಾನೇ ಎಂಬುದು ನೆನಪಾಗಿ ತಲೆ ತಗ್ಗಿಸಿದ.

"ನೀನು ಬೇರೆಬೇರೆ ಕಟ್ಟಿದ್ದು ನಿಜ," ಎಂದರು ಸಿಸ್ಟರ್. "ಹಲ್ಲಿನ ವಿಷಯ ಆ ಡಾಕ್ಟರುಗಳಾದರೂ ಕೇಳಿದ್ರಾ?"

ಡಾಕ್ಟರಮ್ಮ ಪೆನ್ನು ಹಿಡಿದರು. "ಇದು ಹೆಚ್ಚಾಗಿ ಮನೆತನದಲ್ಲಿ ಬರೋದು. ನಿಮ್ಮಲ್ಲಿ ಇನ್ಯಾರಿಗಾದರೂ ಹೀಗೆ...?"

ಅಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

"ನನ್ನ ತಂಗಿಗೆ. ಹೆರಿಗೆ ಆದ ಮೇಲೆ ರಕ್ತ ನಿಲ್ಲಲೇ ಇಲ್ಲ, ಹೋಗಿಬಿಟ್ಟಳು. ಹಣೆಬರಹ ಅಂದ್ರು ಎಲ್ಲರೂ. ನನಗೂ ತಿಂಗಳಿಗೆ ಹತ್ತು ದಿನವೇ. ಎಲ್ಲ ಹೆಂಗಸರಿಗೂ ಹಿಂಗೇ ಅಂದ್ಕೊಂಡಿದ್ದೆ ಕಣೆ ಚಿಕ್ಕಿ."

ಹನ್ನೊಂದು ವರ್ಷದ ಸಿಟ್ಟನ್ನು ಇವತ್ತು ಯಾರ ಮೇಲಾದರೂ ಕಾರಿಬಿಡಬೇಕೆಂದೇ ಬಂದಿದ್ದಳು ಚಿಕ್ಕಿ. ಅಮ್ಮನ ಮುಖ ನೋಡಿ ಡಾಕ್ಟರಮ್ಮನ ಕಡೆ ತಿರುಗಿದಳು.

"ಡಾಕ್ಟ್ರೇ, ಅದೇ ಪರೀಕ್ಷೆ ಅಮ್ಮನಿಗೂ ಬರೀರಿ."

"ನನಗ್ಯಾಕೆ ಈ ವಯಸ್ಸಲ್ಲಿ? ಇಷ್ಟು ದಿನ ಸಹಿಸ್ಕೊಂಡಿಲ್ವಾ?"

"ಸಾಕು ಬಿಡಮ್ಮ ಸಹಿಸ್ಕೊಂಡಿದ್ದು," ಎಂದು ಚಿಕ್ಕಿ ಅಮ್ಮನ ತೋಳಿನ ಬಟ್ಟೆ ಮೇಲಕ್ಕೆ ಮಡಚತೊಡಗಿದಳು.