ಬಟ್ಟೆಗೆ ಹತ್ತದ ಕೆಂಪು

"ಅಯ್ಯೋ, ಏನ್ರೀ ಮಾಡ್ತಿದೀರಾ! ಬಣ್ಣ ಕಿತ್ತು ಬರ್ತಿದೆ!"

ಕಾರು ತಂದಿದ್ದ ಆತ ಪುಟ್ಟಿಯ ಮುಂಗೈ ಹಿಡಿದೇಬಿಟ್ಟ. ಅವಳ ಕೈಲಿದ್ದ ಬಿಳಿ ಬಟ್ಟೆ ಗಾಯ ಒರೆಸಿದಂತೆ ಕೆಂಪಾಗಿತ್ತು.

ಪುಟ್ಟಿಗೆ ನಗು ಬಂತು. ಹಳೇ ಕಾರುಗಳ ಮಾಸಿದ ಬಣ್ಣಕ್ಕೆ ಜೀವ ಕೊಡುವುದರಲ್ಲಿ ಪಳಗಿದ ಕೈ ಅವಳದು. ಇಂಥ ಗಾಬರಿಯ ಗಿರಾಕಿಗಳನ್ನು ಅವಳೆಷ್ಟು ನೋಡಿರಲಿಲ್ಲ!

"ಮೊದಲು ಕೈ ಬಿಡಿ. ಆಗಿನ ಕಾರಿಗೆ ಬಣ್ಣದ್ದೇ ಹೊಳಪು, ಮೇಲೆ ವಾರ್ನಿಷ್ ಇರ್ತಿರ್ಲಿಲ್ಲ. ಉಜ್ಜಿದ್ರೆ ಬಟ್ಟೆಗೆ ಹತ್ತುತ್ತೆ. ಹತ್ತಲಿಲ್ಲ ಅಂದ್ರೇನೇ ಅನುಮಾನ. ಆ ಜಾಗಕ್ಕೆ ಆಮೇಲೆ ಯಾರೋ ಬಳಿದು, ಮೇಲೆ ವಾರ್ನಿಷ್ ಹೊಡೆದಿದಾರೆ ಅಂತ."

ಆತ ಕೈ ಬಿಟ್ಟ. ಮುಖ ಬಿಳಿಚಿಕೊಂಡಿತ್ತು.

"ಎಡಗಡೆ ಮುಂದಿನ ಮಡ್‌ಗಾರ್ಡು... ಅದನ್ನ ಕೊನೆಗೆ ಮಾಡ್ತೀರಾ?"

ಇದೆಂಥ ಕೋರಿಕೆ! ಆದರೆ ಆ ಕಣ್ಣುಗಳಲ್ಲಿ ಏನಿತ್ತೋ, ಅವಳು ಯಾಕೆಂದು ಕೇಳಲಿಲ್ಲ.

ತೀರಿಹೋದ ಅಪ್ಪನ ಕಾರಂತೆ. ವರ್ಷಗಟ್ಟಲೆ ಶೆಡ್ಡಿನಲ್ಲೇ ಬಿದ್ದಿದ್ದು, ಕೆಂಪೆಲ್ಲ ಸುಣ್ಣ ಬೆರೆಸಿದಂತೆ ಪೇಲವವಾಗಿತ್ತು. ಪುಟ್ಟಿ ಎಣ್ಣೆಯಂಥ ಪಾಲಿಶನ್ನು ಧಾರಾಳವಾಗಿ ಸವರಿ, ರಾತ್ರಿಯೆಲ್ಲ ಹೀರಲು ಬಿಟ್ಟು, ಬೆಳಿಗ್ಗೆ ಮೆಲ್ಲಗೆ ಒರೆಸುತ್ತಿದ್ದಳು. ಕೈ ಸ್ವಲ್ಪ ಬಿಗಿಯಾದರೂ ಬಣ್ಣ ಸವೆದು ತಗಡು ಕಾಣುವ ಭಯ.

ಆತ ದಿನವೂ ಬಂದ. ಬಟ್ಟೆ ಒಗೆದುಕೊಟ್ಟ, ಡಬ್ಬಿ ಹಿಡಿದ, ಅವಳನ್ನು ನಗಿಸಿದ. ಆದರೆ ಕಾರಿನ ಬಲಗಡೆ ಬಿಟ್ಟು ಕದಲುತ್ತಿರಲಿಲ್ಲ.

"ಈ ಕಡೆ ಬಂದ್ರೆ ಕಚ್ತೀನಾ?" ಎಂದು ರೇಗಿಸಿದಾಗ ಮಾತ್ರ ಆತನಿಗೆ ನಗು ಬರುತ್ತಿರಲಿಲ್ಲ.

ಒಂದು ದಿನ ಅವಳು ತನ್ನ ಅಕ್ಕನ ಕುಂಟು ಕಾಲಿನ ಕಥೆ ಹೇಳಿದಳು. ವರ್ಷಗಳ ಹಿಂದೆ ಮಾರ್ಕೆಟ್ ಹಿಂದಿನ ತಿರುವಿನಲ್ಲಿ ಕೆಂಪು ಕಾರೊಂದು ಅಕ್ಕನಿಗೆ ಗುದ್ದಿ, ನಿಲ್ಲದೆ ಹೋಗಿತ್ತು. ಆತನ ಕೈಯಿಂದ ಡಬ್ಬಿ ಜಾರಿತು. ಅದನ್ನು ಎತ್ತಿಡದೆ ಎದ್ದುಹೋದ.

ನನ್ನ ಮಾತಿನಲ್ಲಿ ಏನು ತಪ್ಪಿತ್ತು? ಇನ್ನು ಬರುವುದಿಲ್ಲವೇನೋ... ಪುಟ್ಟಿಗೆ ಅನ್ನ ಸೇರಲಿಲ್ಲ. ತಾನು ಆತನನ್ನು ಎಷ್ಟು ಹಚ್ಚಿಕೊಂಡಿದ್ದಾಳೆಂದು ಅವಳಿಗೆ ತಿಳಿದದ್ದೇ ಆಗ. ಮರುದಿನ ಆತ ಬಂದ. ಆದರೂ ಎದೆಯೊಳಗಿನ ಅಳುಕು ಹೋಗಲಿಲ್ಲ.

ಕಾರು ಮಾತ್ರ ದಿನದಿಂದ ದಿನಕ್ಕೆ ಕೆಂಪೇರುತ್ತಿತ್ತು.

ಅವತ್ತು ಊಟದ ಡಬ್ಬಿ ತಂದ ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. ಊರುಗೋಲಿಗೆ ಒರಗಿ ಕಾರನ್ನೇ ನೋಡಿದಳು.

"ಪುಟ್ಟೀ... ಇಂಥದ್ದೇ ಕೆಂಪು ಕಣೇ."

"ಸುಮ್ನಿರಕ್ಕಾ. ಕೆಂಪು ಕಾರಿಗೇನು ಬರಾನಾ?"

ಬಾಯಿ ಹಾಗಂದರೂ ಕಾಲು ಎಡಗಡೆ ಮಡ್‌ಗಾರ್ಡಿನತ್ತ ನಡೆದಿತ್ತು. ಹೊಸ ಬಟ್ಟೆ ತೆಗೆದು ಉಜ್ಜಿದಳು.

ಬಟ್ಟೆ ಬಿಳಿ!

ಮತ್ತೆ ಉಜ್ಜಿದಳು. ಬೇಡ ದೇವರೇ, ಒಂದು ಚೂರಾದರೂ ಹತ್ತಲಿ... ಹತ್ತಲಿಲ್ಲ.

ತಲೆಯೆತ್ತಿದರೆ ಬಲಗಡೆ ಆತ ನಿಂತಿದ್ದ.

"ನೀವೇನಾ?" ಅವಳು ಬಿಳಿ ಬಟ್ಟೆಯನ್ನು ಎತ್ತಿ ಹಿಡಿದಳು. "ನೀವೇನಾ ಓಡಿಸ್ತಿದ್ದಿದ್ದು?"

"ಅಪ್ಪ. ಸಾಯೋ ಮುಂಚೆ, ಮಾರ್ಕೆಟ್ ಹಿಂದೆ ಯಾರಿಗೋ ಗುದ್ದಿಬಿಟ್ಟೆ, ನಿಲ್ಲಿಸಲಿಲ್ಲ, ಎಡಗಡೆ ಮುಟ್ಟಬೇಡ ಅಂತ ಬಡಬಡಿಸ್ತಿದ್ರು. ಜ್ವರದ ಮಾತಾಗಿರ್ಲಿ ಅಂತ ಬೇಡ್ಕೊಳ್ತಿದ್ದೆ. ಯಾರಿಗೆ ಅಂತ ಗೊತ್ತಾಗಿದ್ದು ನೀವು ಆ ತಿರುವಿನ ಹೆಸರೆತ್ತಿದಾಗ."

"ಗೊತ್ತಾದ ಮೇಲೂ ಬಾಯಿ ಬಿಡ್ಲಿಲ್ಲ! ನನ್ನ ನಗಿಸ್ತಾ ಕೂತಿದ್ರಿ!"

"ಹೇಡಿ ನಾನು. ಕಾರು ತಗೊಂಡು ಹೋಗಿಬಿಡೋಣ ಅಂತ ರಾತ್ರಿಯೆಲ್ಲ ಯೋಚಿಸ್ದೆ. ಹೋದ್ರೆ ನಿಮ್ಮನ್ನ ಬಿಟ್ಟು ಹೋಗ್ಬೇಕು. ಇದ್ರೆ ಇಂಥ ದಿನ ಬಂದೇ ಬರುತ್ತೆ. ಬರ್ಲಿ ಅಂತ ಇದ್ದೆ."

ಆತ ಅಕ್ಕನ ಎದುರು ಹೋಗಿ ನಿಂತ. ಕಣ್ಣೆತ್ತಲಾಗಲಿಲ್ಲ.

"ಅಕ್ಕಾ, ಪೊಲೀಸ್ ಸ್ಟೇಷನ್ನಿಗೆ ನಾನೇ ಹೋಗಿ ಹೇಳ್ತೀನಿ. ನೀವು ಏನಂದ್ರೂ ಸರಿ."

ಅಕ್ಕ ಊರುಗೋಲೂರಿ ಬಂದು ಮಡ್‌ಗಾರ್ಡಿನ ಮೇಲೆ ಕೈಯಾಡಿಸಿದಳು. ಪುಟ್ಟಿ ಅವಳ ಮುಖವನ್ನೇ ನೋಡಿದಳು. ಅಕ್ಕ ಆಡುವ ಒಂದು ಮಾತಿನ ಮೇಲೆ ತನ್ನ ಬದುಕೇ ನಿಂತಿದೆಯಲ್ಲ!

"ರಸ್ತೆ ಮೇಲೆ ಬಿದ್ದುಕೊಂಡು, ಆ ಕಾರು ವಾಪಸ್ ಬರುತ್ತೆ ಅಂತ ಕಾದಿದ್ದೆ ನಾನು," ಎಂದಳು ಅಕ್ಕ ಕೊನೆಗೆ. "ಇವತ್ತು ಬಂತು. ಸ್ಟೇಷನ್ನಿಗೆ ನಾನೂ ಬರ್ತೀನಿ. ಮೊದಲು ಊಟ ಮಾಡಿ, ಇಬ್ಬರೂ."

ಊರುಗೋಲಿನ ಸದ್ದು ಒಳಗೆ ಹೋಯಿತು. ಪುಟ್ಟಿ ಉಪ್ಪುಕಾಗದ ತೆಗೆದುಕೊಂಡು ಮಡ್‌ಗಾರ್ಡಿನ ಪಕ್ಕ ಕೂತಳು. ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ.

"ಈ ಸುಳ್ಳು ಬಣ್ಣ ಪೂರ್ತಿ ತೆಗೀತೀನಿ. ಒಳಗೆ ಗುದ್ದಿದ ತಗ್ಗು ಇರುತ್ತೆ. ನೋಡೋಕಾಗುತ್ತಾ?"

"ನೀವು ಜೊತೆಗಿದ್ರೆ."

"ಹಾಗಾದ್ರೆ ಈ ಕಡೆ ಬಾ."

ಆತ ಮೊದಲ ಸಲ ಎಡಗಡೆಗೆ ಬಂದು ಅವಳ ಪಕ್ಕ ಕುಳಿತ.