ಚಹಾ ಕೋಣೆಯ ಮೇಣದಬತ್ತಿ

ಜುಲೈ ಮೂವತ್ತೊಂದು, ಗುರುವಾರ. ಸಂಜೆ ಐದೂವರೆಗೆ ಕಿಲ್‌ಬ್ರಾನಿ ಠಾಣೆಯ ಬಾಗಿಲು ತಳ್ಳಿಕೊಂಡು ಕಾರ್ಮಕ್ ಸ್ಟ್ರಿಚ್ ಒಳಗೆ ಬಂದ. ಊರಿನ ಫುಟ್‌ಬಾಲ್ ಕ್ಲಬ್ಬಿಗೆ ಅಧ್ಯಕ್ಷನಾಗಿ ಅವನಿಗೆ ಎರಡು ವರ್ಷವಾಗಿತ್ತು. ಸಾರ್ಜೆಂಟ್ ಮ್ಯಾಲಕಿ ಹೆಶನ್ ತಲೆ ಎತ್ತುವ ಮೊದಲೇ ಅವನು ಮೇಜಿನ ಮೇಲೆ ಕೈ ಊರಿದ್ದ.

"ಕಳ್ಳತನ ಆಗಿದೆ. ಬರ್ಕೊಳ್ಳಿ."

"ಏನು ಕಳವಾಗಿದೆ?"

"ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಯಂತ್ರ."

ಸಾರ್ಜೆಂಟ್ ಕನ್ನಡಕ ಹಾಕಿಕೊಂಡ. ಸ್ಟ್ರಿಚ್ ಸಿಡುಕುತ್ತಲೇ ವಿವರಿಸಿದ. ಕ್ಲಬ್ಬಿನ ಗೋಲ್‌ಕೀಪರ್ ಟಿಯರ್ನಾನ್ ಲವೆಲ್‌ನನ್ನು ಡಬ್ಲಿನ್ನಿನ ಒಂದು ಕ್ಲಬ್ಬಿಗೆ ಮಾರುವ ಮಾತು ಮುಗಿದಿತ್ತು. ಈ ಬೇಸಗೆಯಲ್ಲಿ ಆಟಗಾರರನ್ನು ಕೊಳ್ಳುವ ಮಾರುವ ಗಡುವು ಇವತ್ತು ಸಂಜೆ ಐದಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ಎರಡೂ ಕ್ಲಬ್ಬುಗಳು ಲೀಗ್‌ನ ಕಂಪ್ಯೂಟರಿನಲ್ಲಿ ಒಪ್ಪಿಗೆ ಒತ್ತಬೇಕು. ಒತ್ತುವುದಕ್ಕೆ ಆ ಪುಟ್ಟ ಯಂತ್ರ ತೋರಿಸುವ ಅಂಕಿ ಬೇಕು. ಮೂರು ಗಂಟೆಗೆ ಅವನು ಕಚೇರಿಗೆ ಬಂದಾಗ ಇಡೀ ಕಟ್ಟಡದಲ್ಲಿ ಕರೆಂಟ್ ಇರಲಿಲ್ಲ. ಮುಖ್ಯ ಫ್ಯೂಸನ್ನು ಯಾರೋ ಕಿತ್ತುಕೊಂಡು ಹೋಗಿದ್ದರು. ಡ್ರಾಯರಿನಲ್ಲಿ ಯಂತ್ರವೂ ಇರಲಿಲ್ಲ. ಗಡುವು ಮೀರಿತು, ವ್ಯವಹಾರ ಮುರಿಯಿತು.

"ಬೀಗ ಒಡೆದಿದ್ರಾ?"

"ಇಲ್ಲ."

"ಕ್ಲಬ್ಬಿನ ಬೀಗದ ಕೈ ಯಾರ ಹತ್ರ ಇದೆ?"

"ಯಾರ ಹತ್ರ ಇಲ್ಲ ಅಂತ ಕೇಳಿ. ಚಹಾ ಮಾಡೋಳ ಹತ್ರ, ಸುಣ್ಣ ಎಳೆಯೋನ ಹತ್ರ, ಬಟ್ಟೆ ಒಗೆಯೋರ ಹತ್ರ. ಇದು ಕ್ಲಬ್ಬೋ ಛತ್ರವೋ ಗೊತ್ತಾಗಲ್ಲ. ಅದಕ್ಕೇ ನಾನು ಕ್ಯಾಮೆರಾ ಹಾಕಿಸಿದ್ದು. ಕರೆಂಟ್ ಹೋದ ಕೂಡಲೇ ಅದೂ ಸತ್ತಿದೆ."

ಸಾರ್ಜೆಂಟ್ ಬರೆಯುತ್ತಿದ್ದವನು ನಿಲ್ಲಿಸಿದ.

"ನಾಳೆ ಸಂಜೆ ಇಲ್ಲಿ ಪಂದ್ಯ ಇದೆ. ಎರಡನೇ ಕೀಪರ್ ಕೈಗೆ ಪಟ್ಟಿ ಕಟ್ಟಿದೆ. ಲವೆಲ್ ಹೋಗಿದ್ದಿದ್ರೆ ಗೋಲಲ್ಲಿ ಯಾರು ನಿಲ್ತಿದ್ರು?"

"ಅದು ಪೊಲೀಸರ ಕೆಲಸ ಅಲ್ಲ."

ಉತ್ತರ ಊರಿಗೆಲ್ಲ ಗೊತ್ತಿತ್ತು. ಕೀಪರ್ ಇಲ್ಲವೆಂದರೆ ಪಂದ್ಯವಿಲ್ಲ. ಪಂದ್ಯವಿಲ್ಲವೆಂದರೆ ತಂಡವನ್ನು ಲೀಗಿನಿಂದ ಹಿಂತೆಗೆಯಲು ಒಂದು ನೆಪ. ತಂಡ ಹೋದರೆ ನದಿಯ ಪಕ್ಕದ ಆ ಮೈದಾನವನ್ನು ಮಾರಬಹುದು; ಮನೆ ಕಟ್ಟುವವರು ಆಗಲೇ ಬಂದು ಅಳತೆ ಹಿಡಿದು ಹೋಗಿದ್ದರು. ಆದರೂ ದೂರು ದೂರೇ. ಸಾರ್ಜೆಂಟ್ ಪ್ರಕರಣ ದಾಖಲಿಸಿ, ಪೇದೆ ಓರ್ಲಾ ಡೆವನಿಯನ್ನು ಕರೆದುಕೊಂಡು ಸ್ಥಳಕ್ಕೆ ಹೊರಟ.

ಆರೂ ಕಾಲಿಗೆ ಸ್ಥಳ ಪಂಚನಾಮೆ ಆರಂಭವಾಯಿತು. ಓರ್ಲಾ ಫ್ಯೂಸ್ ಪೆಟ್ಟಿಗೆಯ ಮೇಲಿನ ಬೆರಳಚ್ಚು ತೆಗೆಯಲು ನೋಡಿದಳು. ಆದರೆ ಕರೆಂಟ್ ಸರಿಮಾಡಲು ಬಂದವನು ಎಲ್ಲವನ್ನೂ ಎಣ್ಣೆಗೈಯಲ್ಲಿ ಮುಟ್ಟಿಬಿಟ್ಟಿದ್ದ. ಕಚೇರಿಯ ಡ್ರಾಯರಿನಲ್ಲಿ ಏನೂ ಸಿಗಲಿಲ್ಲ. ಕೊನೆಗೆ ಉಳಿದದ್ದು ಓಣಿಯ ತುದಿಯಲ್ಲಿದ್ದ ಚಹಾ ಕೋಣೆ. ಬಾಗಿಲು ಹಾಕಿತ್ತು. ಕಳ್ಳತನದ ನಂತರ ಅದನ್ನು ತೆರೆಯುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಸಾರ್ಜೆಂಟ್ ತೆರೆದು ಒಳಗೆ ಕಾಲಿಟ್ಟವನು ಹಾಗೇ ನಿಂತ.

ಗೋಡೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಪಟವಿತ್ತು. ಅದರ ಕೆಳಗಿನ ಪುಟ್ಟ ಕೆಂಪು ದೀಪ, ಕರೆಂಟ್ ಮರಳಿ ಬಂದಿದ್ದರಿಂದ, ಎಂದಿನಂತೆ ಉರಿಯುತ್ತಿತ್ತು. ಆ ದೀಪ ಹಗಲೂ ರಾತ್ರಿ ಆರುವಂತಿಲ್ಲ. ಆದರೆ ಪಟದ ಕೆಳಗಿನ ಹಲಗೆಯ ಮೇಲೆ, ಒಂದು ಚಹಾ ತಟ್ಟೆಯಲ್ಲಿ, ಮೇಣದಬತ್ತಿಯೊಂದು ಅರ್ಧಕ್ಕಿಂತ ಹೆಚ್ಚು ಕರಗಿ ಇನ್ನೂ ಉರಿಯುತ್ತಿತ್ತು. ಸುತ್ತ ಇದ್ದ ಪಾತ್ರೆ ಪಡಗ, ಬಟ್ಟೆ, ಕಾಗದಗಳನ್ನೆಲ್ಲ ಬೆಂಕಿ ತಗಲದಂತೆ ದೂರ ಸರಿಸಿಡಲಾಗಿತ್ತು.

"ಕರೆಂಟ್ ಹೋದಾಗ ಬೆಳಕಿಗೆ ಅಂತ ಯಾರೋ ಹಚ್ಚಿರಬೇಕು," ಎಂದಳು ಓರ್ಲಾ.

"ಕಿಟಕಿ ಇಷ್ಟು ದೊಡ್ಡದಿದೆ. ಜುಲೈ ತಿಂಗಳ ನಡುಮಧ್ಯಾಹ್ನ. ಬೆಳಕು ಯಾರಿಗೆ ಬೇಕಿತ್ತು?"

ಅವನು ಬಾಗಿ ನೋಡಿದ. ಅಂಗಡಿಯ ಬತ್ತಿಯಲ್ಲ, ಫೆಬ್ರವರಿಯಲ್ಲಿ ಪಾದ್ರಿಗಳು ಹರಸಿ ಮನೆಮನೆಗೆ ಕೊಡುವ ಜೇನುಮೇಣದ ಬತ್ತಿ. ಫ್ಯೂಸ್ ಕಿತ್ತವರಿಗೆ ಕ್ಯಾಮೆರಾದ ಕಣ್ಣು ಮುಚ್ಚಬೇಕಿತ್ತು. ಅದರ ಜೊತೆಗೆ ಈ ದೀಪವೂ ಆರುತ್ತದೆ ಎಂಬುದನ್ನು ಅವರು ಮೊದಲೇ ಬಲ್ಲರು. ಬತ್ತಿಯನ್ನು ಮನೆಯಿಂದಲೇ ತಂದಿದ್ದಾರೆ. ಸಿಕ್ಕಿಬೀಳುವ ಭಯದಲ್ಲೂ ಇಷ್ಟು ದೂರ ನಡೆದುಬಂದು, ಹಚ್ಚಿ, ಕೈಮುಗಿದು ಹೋಗಿದ್ದಾರೆ.

ಮ್ಯಾಲಕಿಯ ಮನೆಯಲ್ಲೂ ಅಂಥದೇ ದೀಪವಿತ್ತು. ಅವನ ಹೆಂಡತಿ ಬ್ರೀಜ್ ಬದುಕಿರುವಾಗ ಅದನ್ನು ನೋಡಿಕೊಳ್ಳುವುದು ಅವಳ ಕೆಲಸವಾಗಿತ್ತು. ಅವಳು ಹೋದ ಮೇಲೆ ಬಲ್ಬು ಸುಟ್ಟಾಗಲೆಲ್ಲ ಅವನು ರಾತ್ರಿಯ ಊಟ ಬಿಟ್ಟಾದರೂ ಹೊಸದನ್ನು ತಂದು ಹಾಕುತ್ತಿದ್ದ.

ಅವನು ಬತ್ತಿಯನ್ನು ಆರಿಸಿ, ತಟ್ಟೆಯ ಸಮೇತ ಚೀಲದಲ್ಲಿ ಹಾಕಿ ಮೊಹರು ಮಾಡಿದ.

"ಇದು ಇಲ್ಲಿತ್ತು ಅನ್ನೋದು ನಿನಗೆ, ನನಗೆ, ಹಚ್ಚಿದೋರಿಗೆ ಮಾತ್ರ ಗೊತ್ತಿರಬೇಕು. ಸ್ಟ್ರಿಚ್‌ಗೂ ಹೇಳಬೇಡ."

"ಆಯ್ತು ಸಾರ್ಜೆಂಟ್. ಯಾರ ಮೇಲಾದ್ರೂ ಅನುಮಾನ ಇದ್ಯಾ?"

"ಅನುಮಾನವನ್ನ ಪಂಚನಾಮೆಯಲ್ಲಿ ಬರೆಯೋಕಾಗಲ್ಲ," ಎಂದಷ್ಟೇ ಹೇಳಿದ.

ಮರುದಿನ ಶುಕ್ರವಾರ, ಬೆಳಿಗ್ಗೆ ಒಂಬತ್ತಕ್ಕೆ, ಮೈದಾನಕ್ಕೆ ಸುಣ್ಣ ಎಳೆಯುವ ಪ್ಯಾಕಿ ಗಾಹನ್ ಠಾಣೆಗೆ ಬಂದು ಎರಡೂ ಕೈ ಮುಂದೆ ಚಾಚಿದ. ಎಪ್ಪತ್ತು ದಾಟಿದ ಮುದುಕ.

"ನಾನೇ ಮಾಡಿದ್ದು. ಕೋಳ ಹಾಕು ಮ್ಯಾಲಕಿ. ಬೇಗ ಆಗ್ಲಿ, ಸಂಜೆ ಆಟಕ್ಕೆ ಗೆರೆ ಎಳೀಬೇಕು."

"ಫ್ಯೂಸ್ ಎಲ್ಲಿದೆ?"

"ನದೀಲಿ."

"ಯಂತ್ರ?"

"ಅದೂ ನದೀಲೇ. ಮೀನು ನುಂಗಿರಬೇಕು."

"ಹೊರಗೆ ಬರೋ ಮುಂಚೆ ಕೊನೇದಾಗಿ ಏನ್ಮಾಡ್ದೆ?"

"ಏನ್ಮಾಡ್ತಾರೆ? ಬಾಗಿಲು ಎಳ್ಕೊಂಡು ಬಂದೆ."

"ಮನೆಗೆ ಹೋಗು ಪ್ಯಾಕಿ."

"ಯಾಕೆ, ನನ್ನ ಮುಖ ಕಳ್ಳನ ಥರ ಕಾಣಲ್ವಾ?"

"ಕಾಣುತ್ತೆ. ಆದ್ರೆ ಈ ಕಳ್ಳತನದ್ದಲ್ಲ."

ಅವನು ಮೆಟ್ಟಿಲಿಳಿಯುವಷ್ಟರಲ್ಲಿ ಚಹಾ ಮಾಡುವ ಫಿಲೊಮಿನಾ ಕರ್ಲಿ ಹತ್ತಿ ಬಂದಳು. "ಆ ಮುದುಕ ಹೇಳಿದ್ದೆಲ್ಲ ಸುಳ್ಳು. ಫ್ಯೂಸ್ ಯಾವುದು ಕೆಟಲ್ ಯಾವುದು ಅಂತ ಅವನಿಗೆ ಗೊತ್ತಿಲ್ಲ. ಕಿತ್ತಿದ್ದು ನಾನು. ಬರ್ಕೋ."

"ಕೊನೇದಾಗಿ ಏನ್ಮಾಡಿದ್ರಿ?"

"ಕಪ್ಪು ತೊಳೆದಿಟ್ಟೆ. ಮತ್ತೇನು, ಹಾಗೇ ಬಿಟ್ಟು ಬರ್ತಾರಾ?"

ಅವಳನ್ನೂ ಕಳಿಸಿದ. ಮಧ್ಯಾಹ್ನದ ಹೊತ್ತಿಗೆ ಹೊರಗಿನ ಬೆಂಚಿನ ಮೇಲೆ ಜಾಗ ಉಳಿಯಲಿಲ್ಲ. ಬಸ್ಸು ಓಡಿಸುವವನು ಬಂದ, ಟಿಕೆಟ್ ಹರಿಯುವವಳು ಬಂದಳು, ಮಾಂಸದಂಗಡಿಯವನು ಏಪ್ರನ್ ಬಿಚ್ಚದೆಯೇ ಬಂದ. ಎಲ್ಲರೂ ತಪ್ಪಿತಸ್ಥರು. ಎಲ್ಲರೂ ಯಂತ್ರವನ್ನು ನದಿಗೇ ಎಸೆದಿದ್ದರು.

"ಊರೇ ಒಪ್ಕೊಂಡ್ರೆ ಏನ್ಮಾಡೋದು ಸಾರ್ಜೆಂಟ್?" ಓರ್ಲಾ ಪಿಸುಗುಟ್ಟಿದಳು.

"ಸಾಲಾಗಿ ಕೂರಿಸು. ಚಹಾ ಮಾತ್ರ ಕೊಡಬೇಡ. ಕೊಟ್ರೆ ಒಬ್ಬರೂ ಎದ್ದು ಹೋಗಲ್ಲ."

ಮೂರು ಗಂಟೆಗೆ ಗೋಲ್‌ಕೀಪರ್ ಟಿಯರ್ನಾನ್ ಲವೆಲ್ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದ. ಇಪ್ಪತ್ತೆರಡರ ಹುಡುಗ, ಕಂಬದಂಥ ಆಳು.

"ನಾನೇ ತಗೊಂಡಿದ್ದು."

"ನಿನ್ನೆ ಇಡೀ ದಿನ ನೀನು ಡಬ್ಲಿನ್‌ನಲ್ಲಿ ಕೂತಿದ್ಯಲ್ಲಪ್ಪಾ, ಸಹಿ ಹಾಕೋಕೆ."

ಹುಡುಗ ಸ್ವಲ್ಪ ಯೋಚಿಸಿದ. "ಹಂಗಾದ್ರೆ ಮನಸ್ಸಲ್ಲೇ ಮಾಡಿದೆ."

ಓರ್ಲಾ ಮುಖ ತಿರುಗಿಸಿ ನಕ್ಕಳು. ಸಾರ್ಜೆಂಟ್ ನಗಲಿಲ್ಲ.

"ನಿನಗೆ ಹೋಗೋ ಮನಸ್ಸಿತ್ತಾ?"

"ಮುಂದೊಂದು ದಿನ ಹೋಗ್ತೀನಿ, ಅದರಲ್ಲೇನು. ಆದ್ರೆ ಹೀಗಲ್ಲ. ಬುಧವಾರ ರಾತ್ರಿ ಫೋನ್ ಮಾಡಿ, ನಾಳೆ ಬೆಳಿಗ್ಗೆ ಕಾರು ಬರುತ್ತೆ, ಹತ್ತಿ ಕೂತ್ಕೋ ಅಂದ್ರು. ಇಲ್ಲ ಅಂದ್ರೆ ಇನ್ನೆಂದೂ ಆಡಿಸಲ್ಲ ಅಂದ್ರು. ಸಂತೇಲಿ ಕುರಿಯನ್ನೂ ಹಲ್ಲು ನೋಡಿ ಕೊಳ್ತಾರೆ. ನನ್ನ ಬಾಯಿ ತೆಗೆಸಿ ಒಂದು ಮಾತು ಕೇಳಿದೋರು ಡಿಂಪ್ನಾ ಒಬ್ಬರೇ." ಹೆಸರು ಹೇಳಿದ ಕೂಡಲೇ ಅವನ ಮುಖ ಕಪ್ಪಿಟ್ಟಿತು. "ಅಂದ್ರೆ... ಸುಮ್ಮನೆ, ಫೋನಲ್ಲಿ ವಿಚಾರಿಸಿದ್ರು ಅಷ್ಟೆ."

"ಹೋಗು, ಆಟಕ್ಕೆ ಸಿದ್ಧನಾಗು," ಎಂದ ಸಾರ್ಜೆಂಟ್. ಆ ಹೆಸರು ನಿನ್ನೆ ಸಂಜೆಯಿಂದ ಅವನ ನಾಲಿಗೆಯ ಮೇಲೆಯೇ ಇತ್ತು.

ಡಿಂಪ್ನಾ ಕಾಲಿ ಮೂವತ್ತು ವರ್ಷ ಕ್ಲಬ್ಬಿನ ಕಾರ್ಯದರ್ಶಿ. ಬಂದ ಆಟಗಾರರನ್ನು ಸೇರಿಸಿದ್ದೂ ಹೋದವರನ್ನು ಬೀಳ್ಕೊಟ್ಟಿದ್ದೂ ಅವಳೇ. ಆ ಯಂತ್ರ ಅವಳ ಕೈಯಲ್ಲೇ ಇರುತ್ತಿತ್ತು. ವಸಂತದಲ್ಲಿ ಸ್ಟ್ರಿಚ್ ಅದನ್ನು ಕಸಿದು ತನ್ನ ಡ್ರಾಯರಿಗೆ ಹಾಕಿಕೊಂಡಿದ್ದ. ಜೂನ್ ತಿಂಗಳಲ್ಲಿ ಅವಳ ಗಂಡ, ಮೈದಾನ ನೋಡಿಕೊಳ್ಳುತ್ತಿದ್ದ ಪೀದರ್, ತೀರಿಕೊಂಡ. ಕಳೆದ ಭಾನುವಾರವಷ್ಟೇ ಅವನ ತಿಂಗಳ ಬಲಿಪೂಜೆ ಮುಗಿದಿತ್ತು. ಬ್ರೀಜ್ ಸತ್ತ ದಿನ ಮ್ಯಾಲಕಿಯ ಮನೆಗೆ ಮೊದಲು ಬಂದು, ಯಾರನ್ನೂ ಕೇಳದೆ ಒಲೆ ಹಚ್ಚಿ ಸೂಪಿಗಿಟ್ಟವಳು ಇದೇ ಡಿಂಪ್ನಾ. ಬೆಳಿಗ್ಗೆಯೇ ಅವಳ ಮನೆಗೆ ಹೋಗಬಹುದಿತ್ತು. ಬೇರೆಯವರ ಹೇಳಿಕೆ ಮುಗಿಯಲಿ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ.

ಇನ್ನು ಹಾಗೆ ಹೇಳಿಕೊಳ್ಳುವಂತಿರಲಿಲ್ಲ. ಆರು ಗಂಟೆಗೆ ಅವನು ಟೋಪಿ ಹಾಕಿಕೊಂಡು ಹೊರಡುವಷ್ಟರಲ್ಲಿ ಅವಳೇ ಬಂದಳು. ಕಪ್ಪು ಕೋಟು, ಕೈಯಲ್ಲಿ ಚೀಲ, ಕೆನ್ನೆ ಕೆಂಪಾಗಿತ್ತು.

"ಏನಿದು ತಮಾಷೆ ಮ್ಯಾಲಕಿ? ಫಿಲೊಮಿನಾ ಇಲ್ಲಿ ಬಂದು ಸುಳ್ಳು ಹೇಳಿದ್ಳಂತೆ. ಪ್ಯಾಕಿ ಹೇಳಿದ್ನಂತೆ. ನನ್ನ ಹೆಸರು ಉಳಿಸೋಕೆ ಅವರು ಪಾಪ ಕಟ್ಕೊಳ್ಳೋದು ಬೇಡ. ಬಾಗಿಲು ಹಾಕು."

ಕೂತಳು. ಚೀಲದಿಂದ ಫ್ಯೂಸನ್ನು ತೆಗೆದು ಮೇಜಿನ ಮೇಲಿಟ್ಟಳು.

ಸಾರ್ಜೆಂಟ್ ಕಾನೂನಿನ ಎಚ್ಚರಿಕೆಯನ್ನು ಓದಿ ಹೇಳಿದ. ಏನನ್ನೂ ಹೇಳಬೇಕಾಗಿಲ್ಲ; ಹೇಳಿದರೆ ಬರೆದುಕೊಳ್ಳಲಾಗುವುದು.

"ಬರ್ಕೊಳ್ಳಲಿ ಅಂತಾನೇ ಬಂದಿರೋದು."

"ಹೊರಗೆ ಬರೋ ಮುಂಚೆ ಕೊನೇದಾಗಿ ಏನ್ಮಾಡಿದೆ ಡಿಂಪ್ನಾ?"

ಅವಳು ಅವನನ್ನೇ ನೋಡಿದಳು. "ನೋಡಿದ್ಯಾ ಅದನ್ನ? ಉರೀತಿತ್ತಾ?"

"ಉರೀತಿತ್ತು."

"ಗಾಳಿಗೆ ಆರಿರುತ್ತೋ ಏನೋ ಅಂತ ರಾತ್ರಿ ನಿದ್ದೆ ಬರಲಿಲ್ಲ. ಬರೀ ಕದ್ದಿದ್ದಾಗಿದ್ರೆ ಚೆನ್ನಾಗಿ ನಿದ್ದೆ ಬರ್ತಿತ್ತು."

ಓರ್ಲಾ ಬರೆಯುವುದನ್ನು ನಿಲ್ಲಿಸಿ ಸಾರ್ಜೆಂಟನ ಕಡೆ ನೋಡಿದಳು. ಅವನು ಬರೆ ಎಂದು ಸನ್ನೆ ಮಾಡಿದ.

"ಒಪ್ಪಿಕೊಳ್ಳೋಳು ಕ್ಯಾಮೆರಾ ಯಾಕೆ ಆರಿಸಿದೆ?"

"ಐದು ಗಂಟೆವರೆಗೆ ಸಿಕ್ಕಿಬೀಳಬಾರದಿತ್ತು, ಅಷ್ಟೇ. ಕಂಡಿದ್ರೆ ಅವನು ಮನೆಗೆ ಬಂದು ಕಿತ್ಕೊಂಡು ಹೋಗ್ತಿದ್ದ. ಆಮೇಲೆ ಸಿಕ್ಕಿದ್ರೆ ನನಗೇನು?"

"ಯಂತ್ರ ಎಲ್ಲಿ?"

"ನದಿ ಕಡೆ ಗೋಲಿನ ಬಾಯಲ್ಲಿ, ಹುಲ್ಲಿನಡಿ. ಪೀದರ್ ತನ್ನ ಕೈಯಾರೆ ಬೆಳೆಸಿದ ಹುಲ್ಲು. ಒಂದು ಹಿಡಿ ಎತ್ತಿ ಮತ್ತೆ ಮುಚ್ಚಿದೀನಿ, ಗೆರೆ ಎಳೆದ ಪ್ಯಾಕಿಗೂ ಗೊತ್ತಾಗಿಲ್ಲ."

"ಯಾಕೆ ಮಾಡಿದೆ?"

ಇಲ್ಲಿಯವರೆಗೆ ನೆಟ್ಟಗೆ ಕೂತವಳು ಒಂದು ಕ್ಷಣ ತನ್ನ ಉಂಗುರವನ್ನು ತಿರುಗಿಸಿದಳು. "ಪೀದರ್‌ನ ಶವದ ಪೆಟ್ಟಿಗೆ ನಮ್ಮ ಮನೆ ನಡುಕೋಣೆಯಲ್ಲಿತ್ತು, ಮುಚ್ಚಿರಲಿಲ್ಲ. ಸ್ಟ್ರಿಚ್ ಬಂದ. ಎಲ್ಲರ ಹಾಗೆ ನನ್ನ ಕೈ ಹಿಡ್ಕೊಂಡ. ಈ ವರ್ಷ ಮುಗಿಯೋವರೆಗೆ ಒಬ್ಬ ಆಟಗಾರನನ್ನೂ ಮಾರಲ್ಲ, ತಂಡ ಉಳಿಸ್ತೀನಿ ಅಂದ. ಪೀದರ್‌ನ ಹಣೆ ಮುಟ್ಟಿ ಅಂದ, ಮ್ಯಾಲಕಿ. ನಾನು ಬೇಡಿರಲಿಲ್ಲ. ಸತ್ತವನ ಹಣೆ ಮುಟ್ಟಿ ಆಡಿದ ಮಾತನ್ನ ಅವನು ಮರೀಬಹುದು. ಪೀದರ್ ಎದ್ದು ಬಂದು ಕೇಳೋಕಾಗಲ್ಲ. ಅದಕ್ಕೆ ನಾನು ಕೇಳಿದೆ."

ಹೇಳಿಕೆಯನ್ನು ಓದಿ ಹೇಳಿ ಸಹಿ ಪಡೆದದ್ದಾಯಿತು. ಏಳು ಗಂಟೆ ಹತ್ತು ನಿಮಿಷಕ್ಕೆ ಸಾರ್ಜೆಂಟ್ ಮ್ಯಾಲಕಿ ಹೆಶನ್ ಅವಳನ್ನು ಬಂಧಿಸಿದ. ಬಂಧಿಸುವಾಗ ಪೂರ್ತಿ ಹೆಸರು ಹಿಡಿದು ಕರೆದ. ಅವಳು ಶಾಲೆಯಲ್ಲಿ ಹಾಜರಿ ಹೇಳುವವಳಂತೆ ಎದ್ದು ನಿಂತಳು.

ಆ ಹೊತ್ತಿಗೆ ಸುದ್ದಿ ತಿಳಿದ ಸ್ಟ್ರಿಚ್ ಠಾಣೆಗೆ ನುಗ್ಗಿದ. "ಈಗಲೇ ಅಗೆಸಿ ತೆಗೆಸಿ. ಈಗಲೇ! ಗೋಲಿನ ಬಾಯಿ ಅಗೆದ್ರೆ ಪಂದ್ಯ ನಿಲ್ಲುತ್ತೆ ಅಂದ್ರೆ ನಿಲ್ಲಲಿ. ಅದು ಸಾಕ್ಷಿ!"

"ಸಾಕ್ಷಿ ಎಲ್ಲಿದೆ ಅಂತ ಗೊತ್ತಾಗಿದೆ. ಅದರ ಮುಂದೆ ಕಂಬದಂಥ ಒಬ್ಬ ಆಳು ನಿಂತು ಕಾಯ್ತಾನೆ. ಇಡೀ ಊರು ಸುತ್ತ ಕೂತು ನೋಡ್ತಿರುತ್ತೆ. ಇದಕ್ಕಿಂತ ಒಳ್ಳೆ ಕಾವಲು ನಾನು ಎಲ್ಲಿಂದ ತರಲಿ?" ಸಾರ್ಜೆಂಟ್ ಕನ್ನಡಕ ತೆಗೆದ. "ನಾಳೆ ಬೆಳಿಗ್ಗೆ ಪಂಚರ ಮುಂದೆ ತೆಗೀತೀವಿ. ದೂರು ಇದ್ರೆ ಮೇಲಿನವರಿಗೆ ಬರೀರಿ. ಹೆಶನ್ ಅಂತ ಬರೀರಿ, ಇಂಗ್ಲಿಷಲ್ಲಿ ಎರಡು ಎಸ್."

ಸ್ಟ್ರಿಚ್ ಬಾಗಿಲನ್ನು ಬಡಿದು ಹೋದ.

ಎಂಟಕ್ಕೆ ಆಟ ಶುರುವಾಯಿತು. ಮೈದಾನ ಠಾಣೆಯಿಂದ ಎರಡು ಬೀದಿಯಾಚೆ. ಜಾಮೀನಿನ ಕಾಗದ ಸಿದ್ಧವಾಗುವವರೆಗೆ ಡಿಂಪ್ನಾ ಒಳಗಿನ ಕೋಣೆಯಲ್ಲಿ ಕೂತಿದ್ದಳು. ಓರ್ಲಾ ಕೇಳದೆಯೇ ಕಿಟಕಿ ತೆರೆದಳು, ಕೇಳದೆಯೇ ಚಹಾ ತಂದಿಟ್ಟಳು. ಸದ್ದು ಅಲೆಯಲೆಯಾಗಿ ಬರುತ್ತಿತ್ತು. ಒಮ್ಮೆ ಇಡೀ ಊರು ಉಸಿರು ಹಿಡಿದಂತೆ ಎಲ್ಲ ಸುಮ್ಮನಾಯಿತು. ಆಮೇಲೆ ಛಾವಣಿ ಹಾರುವಂಥ ಕೂಗು.

"ಗೋಲಾ?" ಎಂದಳು ಓರ್ಲಾ.

"ಅಲ್ಲ ತಾಯಿ. ಗೋಲಿಗೆ ಹೀಗೆ ಕೂಗಲ್ಲ. ತಡೆದ." ಡಿಂಪ್ನಾ ಚಹಾ ಕುಡಿದಳು. "ನದಿ ಕಡೆ ಗೋಲಲ್ಲಿ."

ಸಾರ್ಜೆಂಟ್ ಕೊನೆಯ ಕಾಗದದೊಡನೆ ಒಳಗೆ ಬಂದ. ನಿಯಮದಂತೆ ಕೇಳಲೇಬೇಕಾದ ಪ್ರಶ್ನೆಯೊಂದು ಉಳಿದಿತ್ತು.

"ಹೇಳಿಕೆಗೆ ಇನ್ನೇನಾದ್ರೂ ಸೇರಿಸೋದಿದ್ಯಾ? ಪಶ್ಚಾತ್ತಾಪ ಇದ್ರೆ ನ್ಯಾಯಾಧೀಶರು ಪರಿಗಣಿಸ್ತಾರೆ."

"ಇದೆ, ಬರ್ಕೋ. ತಟ್ಟೆ ಫಿಲೊಮಿನಾದು, ಕೇಳದೆ ತಗೊಂಡೆ. ಅದಕ್ಕೆ ಕ್ಷಮೆ ಇರಲಿ." ಅವಳು ಕಪ್ಪನ್ನು ಕೆಳಗಿಟ್ಟಳು. "ಮಿಕ್ಕಿದ್ದಕ್ಕಿಲ್ಲ. ಮತ್ತೊಂದು ಸಲ ಕರೆಂಟ್ ತೆಗೀಬೇಕಾಗಿ ಬಂದ್ರೆ ತೆಗೀತೀನಿ. ಬತ್ತಿಯನ್ನೂ ಹಚ್ತೀನಿ."

ಅವನು ಅದನ್ನು ಅವಳು ಹೇಳಿದಂತೆಯೇ ಬರೆದ. ಒಂದು ಅಕ್ಷರವನ್ನೂ ಮೆತ್ತಗೆ ಮಾಡಲಿಲ್ಲ.