ಬಣ್ಣ ಕಳೆದ ಮಿಂಚುಳ್ಳಿ

"ಅನಘ, ಅದನ್ನು ವಾಪಸ್ ಕೊಡ್ಲಿಕ್ಕೆ ಬಂದದ್ದಾ?"

ದೇರೆಬೈಲಿನ ತನ್ನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದಿನಿಂದ ಪೃಥ್ವಿರಾಜ್ ಎದ್ದೇ ನಿಂತ. ಅನಘಳ ಕೈಯಲ್ಲಿದ್ದ ಪುಟ್ಟ ಡಬ್ಬಿ ಬೆವರಿಗೆ ಜಾರುತ್ತಿತ್ತು.

ಹಿಂದಿನ ವಾರ ನಾಣ್ಯ ಪ್ರದರ್ಶನದಲ್ಲಿ ಅವನೇ ಕೊಟ್ಟ ಡಬ್ಬಿ ಅದು. ಒಳಗೊಂದು ಬೆಳ್ಳಿ ನಾಣ್ಯ, ಅದರ ಮೇಲೆ ಬಣ್ಣದ ಮಿಂಚುಳ್ಳಿ. ತೀರಿಹೋದ ಅವನ ಅಪ್ಪ ಚಿತ್ತರಂಜನರು ಮಗನಿಗೆ ಕೊಟ್ಟ ಕೊನೆಯ ಉಡುಗೊರೆ.

"ನನ್ನನ್ನು ಮದುವೆ ಆಗ್ಲಿಕ್ಕೆ ಮನಸ್ಸುಂಟಾದ್ರೆ ಇದು ನಿಮ್ಮ ಹತ್ತಿರವೇ ಇರ್ಲಿ. ಇಲ್ಲದಿದ್ರೆ ವಾಪಸ್ ಕೊಡಿ, ನಾನು ಎಂತದ್ದೂ ಕೇಳುದಿಲ್ಲ" ಎಂದಿದ್ದ.

ಅವಳು ಹಿಗ್ಗಿ ಅದನ್ನು ದೇವರ ಕೋಣೆಯಲ್ಲಿಟ್ಟಳು. ಅಲ್ಲೇ ಎಡವಟ್ಟಾಯಿತು! ಬೋಳಾರದ ಅರ್ಚಕರ ಮನೆಯ ಹುಡುಗಿ, ಬೆಳ್ಳಿ ಕಂಡರೆ ಕೈ ಸುಮ್ಮನಿರುತ್ತದೆಯೇ? ಶುಕ್ರವಾರದ ಪೂಜೆಗೆಂದು ದೀಪ, ಪಂಚಪಾತ್ರೆಗಳ ಜೊತೆ ಅದನ್ನೂ ವಿಭೂತಿ ಹಾಕಿ ಗಸಗಸ ತಿಕ್ಕಿದಳು. ತೊಳೆದು ನೋಡಿದರೆ... ಹಕ್ಕಿಯ ನೀಲಿಯೇ ಇಲ್ಲ! ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು.

ಅಂದಿನಿಂದ ಅವನ ಫೋನ್ ಎತ್ತುವ ಧೈರ್ಯವಿಲ್ಲ, ಊಟ ಸೇರದು.

'ಅಪ್ಪನ ನೆನಪನ್ನೇ ಅಳಿಸಿದವಳ ಮುಖ ನೋಡುತ್ತಾನೆಯೇ? ಮುಚ್ಚಿಟ್ಟು ಮದುವೆಯಾದರೆ ದಿನಾ ಹೆದರಿ ಸಾಯಬೇಕು...'

ಹಾಗೆಂದುಕೊಂಡೇ ಇವತ್ತು ಬಸ್ಸು ಹತ್ತಿದ್ದಳು.

"ಫೋನ್ ತೆಗೆಯದಾಗಲೇ ಗೊತ್ತಾಯ್ತು ನನಗೆ." ಅವನ ಸ್ವರ ಇಳಿದುಹೋಗಿತ್ತು. "ಕೊಡಿ."

"ಅಯ್ಯೋ, ಅದಲ್ಲ ಮಾರಾಯ್ರೆ! ಮೊದಲು ತೆಗೆದು ನೋಡಿ... ಆಮೇಲೆ ಬೈಯಿರಿ."

ಅವನು ಡಬ್ಬಿ ತೆರೆದ. ಹೆಬ್ಬೆರಳು ಬೋಳು ಬೆಳ್ಳಿಯ ಮೇಲೆ ನಿಂತಿತು, ಕಣ್ಣು ತುಂಬಿತು. ಎಲ್ಲ ಮುಗಿಯಿತು ಎಂದುಕೊಂಡಳು ಅನಘ.

"ನಾನೇ ತಿಕ್ಕಿದ್ದು... ವಿಭೂತಿ ಹಾಕಿ. ದೇವರ ಹತ್ತಿರ ಇಟ್ಟದ್ದಲ್ವಾ, ಫಳಫಳ ಆಗ್ಲಿ ಅಂತ..."

"ಬೇಜಾರುಂಟು ಅನಘ, ಸುಳ್ಳು ಹೇಳುದಿಲ್ಲ. ಅಪ್ಪ ಕೊಟ್ಟದ್ದು." ಅವನು ಉಸಿರೆಳೆದುಕೊಂಡ. "ಆದ್ರೆ ಇಷ್ಟು ದಿನ ನಾನು ಹೆದರಿದ್ದು ಇದಕ್ಕಲ್ಲ. ದೇವರ ಹತ್ತಿರ ಇಟ್ಟದ್ದು ಅಂದ್ರೆ... ನಿಮ್ಮ ಉತ್ತರ ಎಂತ?"

"ಹೌದು ಅಂತ! ನೀವು ಕೇಳುವ ಮೊದಲೇ ಹೌದು!" ಅವಳ ಅಳು ಕಟ್ಟೆಯೊಡೆಯಿತು.

ಅವನು ಡಬ್ಬಿಯನ್ನು ಮೆಲ್ಲನೆ ಅವಳ ಕೈಯಲ್ಲೇ ಇಟ್ಟು ಬೆರಳು ಮಡಚಿದ.

"ಇಟ್ಟುಕೊಳ್ಳಿ ಹಾಗಾದ್ರೆ."

"ಇನ್ನು ಯಾವತ್ತೂ ತಿಕ್ಕುದಿಲ್ಲ."

"ಧಾರಾಳ ತಿಕ್ಕಿ. ಇನ್ನು ಹೋಗ್ಲಿಕ್ಕೆ ಎಂತ ಉಂಟು?"

ಅಳುತ್ತಲೇ ನಕ್ಕಳು. ಅವನ ಕೈ ಇನ್ನೂ ಅವಳ ಕೈಮೇಲೆಯೇ ಇತ್ತು.

"ಹೆದರಿಕೆ ಹೋಯ್ತಾ?"

"ಇಲ್ಲ... ಮನೆಯಲ್ಲಿ ಅಪ್ಪನಿಗೆ ಹೇಳ್ಲಿಕ್ಕುಂಟಲ್ಲ!"

"ನನಗೂ ಅದೇ ಹೆದರಿಕೆ," ಎಂದ ಅವನು. "ನಡೀರಿ, ನಾನೂ ಬರ್ತೇನೆ. ಇನ್ನು ಒಟ್ಟಿಗೇ ಹೆದರುವ."